ಮುಡಿಪು ಕಟ್ಟಿದ ಹಾರ್ಡ್ ಡಿಸ್ಕ್

"ಅಮ್ಮಾ, ನರ್ಸಜ್ಜಿ ಆ ಕಂಪ್ಯೂಟರ್ ಡಬ್ಬಿಗ ಯಾಕ ಅರಿಶಿನದ ಬಟ್ಟ ಸುತ್ತಿ ದೇವ್ರ ಮುಂದ ಮಡಗವ್ರ? ಅದ್ಕೂ ಜ್ವರ ಬಂದಿತ್ತಾ?"

ಆರು ವರ್ಷದ ಮೀನಾ ಹೀಗೆ ಕೇಳಿದಾಗ ಜ್ಯೋತಿಲಕ್ಷ್ಮಿ ಅವಳ ತಲೆಗೆ ಬಿಸಿನೀರು ಹುಯ್ಯುತ್ತಿದ್ದಳು. ಚೊಂಬು ಹಿಡಿದ ಕೈ ಅಲ್ಲೇ ನಿಂತಿತು. ಹೋದ ವರ್ಷ ಮಗಳಿಗೆ ಹತ್ತು ದಿನ ಜ್ವರ ಬಿಡದೆ ಹೋದಾಗ ಅವಳೇ ಅರಿಶಿನದ ಬಟ್ಟೆಯಲ್ಲಿ ಒಂದು ರೂಪಾಯಿ ಕಟ್ಟಿ ಬೆಟ್ಟದ ಮಾದಪ್ಪನಿಗೆ ಹರಕೆ ಹೊತ್ತಿದ್ದಳು. ಜ್ವರ ಇಳಿದ ಮೇಲೂ ಬೆಟ್ಟಕ್ಕೆ ಹೋಗಿ ಒಪ್ಪಿಸುವ ತನಕ ಆ ಗಂಟನ್ನು ಬಿಚ್ಚಿರಲಿಲ್ಲ. ಮುಡಿಪು ಕಟ್ಟುವುದು ಜ್ವರ ಬಂದವರಿಗೆ ಎಂದು ಮಗು ಅಂದೇ ತೀರ್ಮಾನ ಮಾಡಿಕೊಂಡಿತ್ತು.

"ಯಾವ ಡಬ್ಬಿನೇ?"

"ಕರೀದು. ಉದ್ದ ಬಾಲ ಅದ ಅದ್ಕ. ಮುಟ್ಟಕ್ಕೋದ್ರ 'ಬ್ಯಾಡ ಕೂಸೇ, ಅದ್ಕ ವೈರಸ್ ತಗುಲದ, ಕೈ ತೊಳ್ಕಬೇಕಾಯ್ತದ' ಅಂದ್ರು."

ಜ್ಯೋತಿಗೆ ನಗು ತಡೆಯಲಿಲ್ಲ. ಮದುವೆಗೆ ಮುಂಚೆ ನಾಲ್ಕು ವರ್ಷ ಅವಳು ಕೊಳ್ಳೇಗಾಲದ ಒಂದು ಸೈಬರ್ ಸೆಂಟರಿನಲ್ಲಿ ಡಾಟಾ ಎಂಟ್ರಿ ಮಾಡಿದವಳು. ಬಿದ್ದ ಹಾರ್ಡ್ ಡಿಸ್ಕ್, ನೆನೆದ ಹಾರ್ಡ್ ಡಿಸ್ಕ್, ಇಲಿ ವೈರು ಕಡಿದ ಹಾರ್ಡ್ ಡಿಸ್ಕ್ ಎಲ್ಲ ಕಂಡಿದ್ದಳು. ಹರಕೆ ಹೊತ್ತುಕೊಂಡ ಹಾರ್ಡ್ ಡಿಸ್ಕ್ ಕಂಡಿರಲಿಲ್ಲ.

ಉಳಿದ ನೀರನ್ನು ಮಗಳ ಬೆನ್ನಿಗೆ ಹುಯ್ದಳು. ಬಿಸಿನೀರು ಮುಟ್ಟಿದಾಗಲೆಲ್ಲ ಅವಳಿಗೆ ತೀರಿಹೋದ ಅಜ್ಜಿ ಶಿವಮ್ಮ ನೆನಪಾಗುತ್ತಿದ್ದಳು. ಅಜ್ಜಿ ಮೊಮ್ಮಗಳನ್ನು ಹೆಸರು ಹಿಡಿದು ಕರೆದವಳೇ ಅಲ್ಲ, ಕಡೆಯವರೆಗೂ "ಬಿಸ್ನೀರಿ" ಎಂದೇ ಕರೆದಳು. ಸಣ್ಣವಳಿದ್ದಾಗ ಸ್ನಾನಕ್ಕೆ ಅಷ್ಟು ರಚ್ಚೆ ಹಿಡಿಯುತ್ತಿದ್ದೆನೇನೋ ಎಂದುಕೊಂಡು ಜ್ಯೋತಿ ಕಾರಣ ಕೇಳಿರಲಿಲ್ಲ.

ನರ್ಸಜ್ಜಿ ಎಂದರೆ ವಠಾರದ ಕೊನೆಯ ಮನೆಯ ಗುರುಸಿದ್ದಮ್ಮ. ಅರವತ್ತೆಂಟು ವರ್ಷ. ಹನೂರು ಕಡೆಯ ಕಾಡಂಚಿನ ಹಳ್ಳಿಗಳಲ್ಲಿ ಮೂವತ್ತಾರು ವರ್ಷ ನರ್ಸಾಗಿ ನಡೆದು ನಡೆದು, ಈಗ ಮಂಡಿ ಹಿಡಿದುಕೊಂಡು ಕೂತವರು. ಕಂಡ ಮಗುವನ್ನೆಲ್ಲ ಕಣ್ಣಿನಲ್ಲೇ ತೂಗುವ ಅಭ್ಯಾಸ ಮಾತ್ರ ಹೋಗಿರಲಿಲ್ಲ. "ನಿನ್ ಮಗಳು ಹದ್ನೇಳೂವರೆ ಕೇಜಿ ಅವಳ. ಇನ್ನೊಂದ್ ಕೇಜಿ ಬರ್ಬೇಕು, ರಾಗಿ ಹಾಲ್ಬಾಯಿ ಮಾಡ್ಕೊಡು" ಎಂದು ಒಮ್ಮೆ ಹೇಳಿದ್ದರು. ಜ್ಯೋತಿ ಪಕ್ಕದ ರೇಷ್ಮೆಗೂಡಿನ ವ್ಯಾಪಾರಿಯ ತಕ್ಕಡಿಯ ಮೇಲೆ ಮಗಳನ್ನು ನಿಲ್ಲಿಸಿ ನೋಡಿದರೆ ಹದಿನೇಳು ಕೇಜಿ ಆರುನೂರು ಗ್ರಾಮ್.

ಆ ಕರಿ ಡಬ್ಬಿಯ ಕತೆ ಜ್ಯೋತಿಗೆ ತಿಳಿದದ್ದು ಅದೇ ವಾರ, ತನ್ನದೇ ಒಂದು ಕಷ್ಟ ಹೇಳಿಕೊಳ್ಳಲು ಹೋದಾಗ.

ಅಂಗನವಾಡಿ ಕಾರ್ಯಕರ್ತೆ ಹುದ್ದೆಗೆ ಇಷ್ಟರಲ್ಲೇ ಅರ್ಜಿ ಕರೆಯುತ್ತಾರೆ ಎಂಬ ಮಾತಿತ್ತು. ಜ್ಯೋತಿ ಮೂರು ವರ್ಷದಿಂದ ಕಾದಿದ್ದು ಅದಕ್ಕೇ. ಆದರೆ ಮೂವತ್ತೈದು ದಾಟಿದವರು ಅರ್ಜಿ ಹಾಕುವ ಹಾಗಿಲ್ಲ, ಅವಳ ಮಾರ್ಕ್ಸ್ ಕಾರ್ಡಿನ ಲೆಕ್ಕದಲ್ಲಿ ಅವಳಿಗೆ ಮೂವತ್ತಾರು. ಆ ಲೆಕ್ಕ ಸುಳ್ಳು. ಹುಟ್ಟಿದ ದಾಖಲೆ ಇಲ್ಲದ ಹುಡುಗಿಯನ್ನು ಶಾಲೆಗೆ ಸೇರಿಸಲು ಕರೆದೊಯ್ದಾಗ ಮೇಷ್ಟ್ರು ಅವಳ ಎತ್ತರ ನೋಡಿ, ಊರಿನ ಅರ್ಧ ಮಕ್ಕಳಿಗೆ ಬರೆದ ಹಾಗೆ ಜೂನ್ ಒಂದು ಎಂದು ಬರೆದು, ವರ್ಷವನ್ನೂ ತಮಗೆ ತೋಚಿದಂತೆ ಹಾಕಿಬಿಟ್ಟಿದ್ದರು. ವಕೀಲರನ್ನು ಕೇಳಿದಳು. ಅವರು, "ನಿನಗೆ ಹೆರಿಗೆ ಮಾಡಿಸಿದ ನರ್ಸ್ ಬದುಕಿದ್ದು, ಅವರ ಹತ್ತಿರ ಅಂದಿನದು ಬರೆದಿಟ್ಟದ್ದು ಏನಾದರೂ ಇದ್ದರೆ ತಗೊಂಡು ಬಾ, ಕೋರ್ಟಿಗೆ ಹಾಕೋಣ. ಬರೀ ಬಾಯಿಮಾತಿಗಾದರೆ ಸುಮ್ಮನೆ ಓಡಾಟ" ಎಂದಿದ್ದರು.

ಗುರುಸಿದ್ದಮ್ಮ ಜಗುಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಜ್ಯೋತಿಯೂ ಒಂದು ಹಿಡಿ ಕಾಯಿ ತೆಗೆದುಕೊಂಡು ಕೂತಳು.

"ನರ್ಸಮ್ಮ, ಲೊಕ್ಕನಹಳ್ಳಿಯಿಂದಾಚೆ ಕಾಡೊಳಗಿನ ಸಣ್ಣ ಸಣ್ಣ ದೊಡ್ಡಿ ಊರುಗಳಿಗೆಲ್ಲ ಆಗ ಯಾರು ಹೋಗ್ತಿದ್ದದ್ದು?"

"ಆನೆ ಓಯ್ತಿದ್ದೊ, ನಾನು ಓಯ್ತಿದ್ದೆ. ಇನ್ಯಾರ್ ಓದಾರು?"

"ಆಗ ಹೆರಿಗೆ ಆದದ್ದೆಲ್ಲ ಬರೆದಿಟ್ಟಿದ್ದೀರಾ?"

ಬರೆದಿಟ್ಟಿದ್ದರು. ಆಫೀಸಿಗೆ ಕೊಡುವ ರಿಜಿಸ್ಟರು ಬೇರೆ, ತಮ್ಮದೇ ಮೂರು ದಪ್ಪ ನೋಟ್‌ಬುಕ್ ಬೇರೆ. ರಿಟೈರಾದ ಮೇಲೆ ಒಂದು ದಿನ ಟ್ರಂಕು ತೆಗೆದರೆ ಗೆದ್ದಲು ಅಂಚು ತಿನ್ನುತ್ತ ಒಳಗೆ ನುಗ್ಗಿತ್ತು. ಅರವತ್ತೊಂದನೇ ವಯಸ್ಸಿನಲ್ಲಿ ಅವರು ಕಂಪ್ಯೂಟರ್ ಕ್ಲಾಸಿಗೆ ಸೇರಿ, ಮೊಮ್ಮಕ್ಕಳ ವಯಸ್ಸಿನ ಹುಡುಗಿಯರ ನಡುವೆ ಕೂತು 'ನುಡಿ'ಯಲ್ಲಿ ಕನ್ನಡ ಟೈಪಿಂಗ್ ಕಲಿತರು. ಒಂದು ಹಳೆಯ ಕಂಪ್ಯೂಟರ್ ಕೊಂಡು, ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ, ಸಾವಿರದ ನೂರು ಚಿಲ್ಲರೆ ಹೆರಿಗೆಗಳನ್ನು ಎರಡು ವರ್ಷದಲ್ಲಿ ಒಳಗೆ ಸೇರಿಸಿದರು. ನೋಟ್‌ಬುಕ್ಕುಗಳು ಆಮೇಲೆ ಪುಡಿಯಾದವು.

"ಎರಡು ವರ್ಸದ ಹಿಂದ ಆ ಕಂಪ್ಯೂಟರ್ರು ಕೆಮ್ಮಕ್ಕ ಸುರು ಮಾಡ್ತು ಕಣವ್ವ. ಸ್ಟುಡಿಯೊ ಮಾದಸ್ವಾಮಿ ತಾವ್ಕ ಒತ್ಕಂಡೋದೆ. ಅವ್ನು ಎಲ್ಲಾನು ಈ ಡಬ್ಬಿಗ ತುಂಬ್ಕೊಟ್ಟ. ತುಂಬುದ್ಮೇಲ ತೆಗ್ದು ನೋಡುದ್ರ, ಒಂದಕ್ಷರ ಇಲ್ಲ! ಎಲ್ಲ ಹುಳ ಹುಳ. 'ನರ್ಸಮ್ಮ, ವೈರಸ್ ತಿಂದಾಕದ' ಅಂದ."

ವೈರಸ್ ಎಂದ ಮೇಲೆ ಗುರುಸಿದ್ದಮ್ಮ ತಮಗೆ ತಿಳಿದ ಚಿಕಿತ್ಸೆಯನ್ನೇ ಮಾಡಿದ್ದರು. ಸೋಂಕಿನ ಮೂಲವೆಂದು ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಿದರು. ಡಿಸ್ಕನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಯಾವ ಯಂತ್ರಕ್ಕೂ ತಾಗಿಸದೆ ಬೇರೆಯಿಟ್ಟರು. ಹದಿನೈದು ದಿನಕ್ಕೂ ವಾಸಿಯಾಗದಿದ್ದಾಗ ಅರಿಶಿನದ ಬಟ್ಟೆ ಕಟ್ಟಿ, ಅಕ್ಷರ ವಾಪಸು ಬಂದರೆ ಬೆಟ್ಟಕ್ಕೆ ಬರುತ್ತೇನೆಂದು ಮಾದಪ್ಪನಿಗೆ ಒಪ್ಪಿಸಿಬಿಟ್ಟರು.

"ನಂದು ಅದ್ರಲ್ಲಿರ್ಬೇಕು ನರ್ಸಮ್ಮ" ಎಂದಳು ಜ್ಯೋತಿ. ವಕೀಲರು ಹೇಳಿದ್ದನ್ನು, ತಾರೀಕು ಸಿಕ್ಕರೆ ಅಂಗನವಾಡಿ ಕೆಲಸ, ಇಲ್ಲದಿದ್ದರೆ ಇಲ್ಲ ಎಂಬುದನ್ನೆಲ್ಲ ಬಿಡಿಸಿ ಹೇಳಿದಳು. "ನಮ್ಮದು ಹುಣಸೆಮರದ ದೊಡ್ಡಿ. ನಮ್ಮವ್ವ ದೊಡ್ಡಬಸಮ್ಮ."

ಎಂಟು ತಿಂಗಳಿಂದ ಒಂದೇ ವಠಾರದಲ್ಲಿದ್ದರೂ ಅವಳು ತನ್ನ ಊರನ್ನು ಲೊಕ್ಕನಹಳ್ಳಿ ಎಂದಷ್ಟೇ ಹೇಳಿದ್ದಳು. ತಾಯಿಯ ಹೆಸರಿನ ಮಾತು ಬಂದಿರಲಿಲ್ಲ. ಗುರುಸಿದ್ದಮ್ಮನ ಕೈಯಲ್ಲಿದ್ದ ಅವರೆಕಾಯಿ ಬಿಚ್ಚಿಕೊಂಡೇ ಉಳಿಯಿತು. ಅವರು ಅವಳ ಮುಖವನ್ನು, ಆಮೇಲೆ ಕೈಗಳನ್ನು, ಆಮೇಲೆ ಪಾದಗಳನ್ನು ನೋಡಿದರು. ತೂಕ ಹಾಕುವ ನೋಟವಾಗಿರಲಿಲ್ಲ ಅದು.

"ಅಜ್ಜಿ ಎಸ್ರು ಶಿವಮ್ಮನಾ?"

"ಹೂಂ! ನಿಮಗೆ ಗೊತ್ತಾ?"

ಅವರು ಗೋಡೆ ಹಿಡಿದು ಎದ್ದು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಅರಿಶಿನದ ಗಂಟಿತ್ತು. ಬೆಟ್ಟಕ್ಕೆ ಒಪ್ಪಿಸದ ಮುಡಿಪನ್ನು ನಡುವೆ ಬಿಚ್ಚಬಾರದು. ಜ್ಯೋತಿ ಬೇಡವೆನ್ನುವುದರೊಳಗೆ ಅವರು ಹಲ್ಲಿನಿಂದ ಗಂಟು ಸಡಿಲಿಸಿ, ಒಳಗಿದ್ದ ರೂಪಾಯಿಗೆ ಸೆರಗಿನಿಂದ ಇನ್ನೊಂದು ರೂಪಾಯಿ ಸೇರಿಸಿ, "ಇದು ತಪ್ಪುಕಾಣ್ಕ" ಎಂದು ಎರಡನ್ನೂ ದೇವರ ಗೂಡಿನತ್ತ ಎತ್ತಿ ಹಿಡಿದರು. ಡಿಸ್ಕನ್ನು ಅವಳ ಮಡಿಲಿಗೆ ಹಾಕಿದರು. ಹಾಕಿದ ಕೈಯನ್ನು ಕೂಡಲೇ ಸೆರಗಿನೊಳಗೆ ಮುಚ್ಚಿಕೊಂಡರು. ಮುದುಕಿಗೆ ದೇವರ ಭಯ ಎಂದುಕೊಂಡಳು ಜ್ಯೋತಿ.

ಗಂಡ ಶಿವಶಂಕರ ಕರೆಂಟ್ ಲೈನ್ ಕೆಲಸಕ್ಕೆ ಹೋಗಿದ್ದ. ಮಗಳು ಶಾಲೆಯಲ್ಲಿದ್ದಳು. ಜ್ಯೋತಿ ಗುರುಸಿದ್ದಮ್ಮನನ್ನು ತನ್ನ ಮನೆಗೆ ಕರೆತಂದು, ಹಳೆಯ ಲ್ಯಾಪ್‌ಟಾಪ್ ತೆಗೆದು ಡಿಸ್ಕಿನ ವೈರು ಚುಚ್ಚಿದಳು. ಡಿಸ್ಕಿನ ದೀಪ ಮಿಣುಕಿತು. ಮಿಣುಕಿದ ಮರುಗಳಿಗೆ ಪರದೆಯ ನಡುವೆ ಒಂದು ಚೌಕ ಎದ್ದು ನಿಂತಿತು. ಓದಿದ ಜ್ಯೋತಿ ಕೀಲಿಗಳಿಂದ ಕೈ ಹಿಂದೆಳೆದುಕೊಂಡಳು.

"ಏನಂತ ಕೇಳ್ತಾ ಅದ ಅದು?"

"ಡಿಸ್ಕ್ ಬಳಸ್ಬೇಕಾದ್ರೆ ಮೊದ್ಲು ಫಾರ್ಮ್ಯಾಟ್ ಮಾಡ್ಬೇಕಂತೆ. ಅಂದ್ರೆ... ಇರೋದೆಲ್ಲ ಒರೆಸಿ ಹಾಕ್ಲಾ ಅಂತ."

"ಅಯ್ಯೋ ಮನಹಾಳಿ!" ಗುರುಸಿದ್ದಮ್ಮ ವೈರಿಗೇ ಕೈ ಹಾಕಿದರು. "ಕಿತ್ಬುಡು, ಕಿತ್ಬುಡು!"

"ಕೀಳ್ಬೇಡಿ! ಕಿತ್ರೆ ಇನ್ನೂ ಕೆಡ್ತದೆ." ಜ್ಯೋತಿ ಅವರ ಕೈಯನ್ನು ಅದುಮಿ ಹಿಡಿದು, ಇನ್ನೊಂದು ಕೈಯಿಂದ 'ಕ್ಯಾನ್ಸಲ್' ಒತ್ತಿದಳು. ಚೌಕ ಮಾಯವಾಯಿತು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡೇ ಉಸಿರು ಬಿಟ್ಟರು. ಹೌದು ಎಂದು ಒತ್ತಿದ್ದರೆ ಸಾವಿರ ಜನದ ಹುಟ್ಟು ಅಲ್ಲಿಗೆ ಹೋಗುತ್ತಿತ್ತು. ಕೆಲಸ ಗೊತ್ತಿಲ್ಲದ ಯಾರಾದರೂ ಆಗಿದ್ದರೆ ಒತ್ತಿಯೇ ಬಿಡುತ್ತಿದ್ದರು.

ಡಿಸ್ಕನ್ನು ಸರಿಯಾದ ಕ್ರಮದಲ್ಲಿ ಬಿಡಿಸಿ ತೆಗೆದ ಮೇಲೆ ಜ್ಯೋತಿ ಯೋಚಿಸಿದಳು. "ಮಾದಸ್ವಾಮಣ್ಣನ ಸ್ಟುಡಿಯೊದಲ್ಲಿರೋದು ಆಪಲ್ ಕಂಪ್ಯೂಟರ್ ಅಲ್ವಾ?"

"ಕಚ್ಚಿದ ಸೇಬಿನ ಗುರುತಿತ್ತು."

"ಅಷ್ಟೇ ನೋಡಿ. ಅದರಲ್ಲಿ ತಯಾರು ಮಾಡಿದ ಡಿಸ್ಕಿನ ಭಾಷೆ ನಮ್ಮ ಲ್ಯಾಪ್‌ಟಾಪಿಗೆ ತಿಳಿಯಲ್ಲ. ತಿಳಿಯದಿದ್ದಕ್ಕೆ ಇದು ಖಾಲಿ ಅಂದ್ಕೊಂಡು ಒರೆಸ್ಲಾ ಅಂತದೆ."

ಗುರುಸಿದ್ದಮ್ಮನಿಗೆ ಅದು ಕೂಡಲೇ ಅರ್ಥವಾಯಿತು. "ಮಾರ್ಟಳ್ಳಿಗ ಓದ ಮೊದ್ಲ ವಾರ ನಂಗೂ ಇಂಗೇ ಆಗಿತ್ತು. ಬಸುರಿ ತಮಿಳಲ್ಲಿ ಏನೋ ಕಿರುಚ್ತಾಳ, ನಂಗೊಂದೂ ತಿಳೀದು. ತಿಳೀದು ಅಂತ ಹೆರ್ಗ ನಿಂತದಾ? ಎರಡೂ ಮಾತು ಬಲ್ಲ ಮುದುಕೀನ ಪಕ್ಕದಲ್ಲಿ ಕೂರ್ಸ್‌ಕಂಡೆ."

"ನಾವೂ ಅದನ್ನೇ ಮಾಡೋದು. ಏಳಿ, ಮಾದಸ್ವಾಮಣ್ಣನ ಹತ್ರ ಹೋಗೋಣ."

ಸ್ಟುಡಿಯೊ ಬಸ್ ಸ್ಟ್ಯಾಂಡಿನ ಹತ್ತಿರ. ಮಾದಸ್ವಾಮಿ ಮಾರ್ಟಳ್ಳಿಯವನು, ನಲವತ್ತರ ಆಸುಪಾಸಿನ ಮನುಷ್ಯ. ಬಿಚ್ಚಿದ ಡಿಸ್ಕ್ ಕಂಡವನೇ ಎದ್ದು ನಿಂತ.

"ಏನ್ ನರ್ಸಮ್ಮ, ಮುಡುಪು ಬಿಚ್ಬುಟ್ರಾ? ಮಾದಪ್ಪ ಸುಮ್ನಿದ್ದಾನಾ?"

"ಲೇ, ತಲ ಮುಂದಾಗಿ ಬರ್ಬೇಕು ಅಂತ ತಿಳೀದ ಕಾಲ್ ಮುಂದಾಗಿ ಬಂದೋನು ನೀನು. ಎಳ್ದು ಈಚ್ಗ ಹಾಕ್ದೋಳು ನಾನು. ಈ ಹುಡ್ಗಿ ಏಳ್ದಂಗ ಮಾಡು."

ಅವನ ಕಂಪ್ಯೂಟರಿಗೆ ಚುಚ್ಚಿದ ಕೂಡಲೇ ಡಿಸ್ಕ್ ಯಾವ ತಕರಾರೂ ಇಲ್ಲದೆ ತೆರೆದುಕೊಂಡಿತು. ಒಳಗೆ 'ಹೆರಿಗೆ' ಎಂಬ ಒಂದು ಫೋಲ್ಡರ್. ಮಾದಸ್ವಾಮಿ ಅದರೊಳಗಿನ ಫೈಲನ್ನು ತೆರೆದು, "ನೋಡಿ, ನೀವೇ ನೋಡಿ. ತಿಂದಾಕದ" ಎಂದು ಪಕ್ಕಕ್ಕೆ ಸರಿದ. ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು, ಒಂದರ ತಲೆಯ ಮೇಲೆ ಟೋಪಿ, ಒಂದರ ಮೇಲೆ ಎರಡು ಚುಕ್ಕಿ, ಒಂದರ ಕೆಳಗೆ ಬಾಲ. ಗುರುಸಿದ್ದಮ್ಮ ಮುಖ ತಿರುಗಿಸಿದರು.

ಜ್ಯೋತಿ ಬಗ್ಗಿ ನೋಡಿದಳು. ಸೈಬರ್ ಸೆಂಟರಿನ ದಿನಗಳಲ್ಲಿ ವಾರಕ್ಕೆರಡು ಸಲ ಕಂಡ ರೂಪ ಅದು.

"ಇದು ವೈರಸ್ಸೂ ಅಲ್ಲ, ಎಂಥದ್ದೂ ಅಲ್ಲ. ನರ್ಸಮ್ಮ ಟೈಪ್ ಮಾಡಿದ್ದು ಹಳೇ ನುಡಿ ಅಕ್ಷರದಲ್ಲಿ. ಆ ಅಕ್ಷರದ ಅಚ್ಚು ಅವರ ಕಂಪ್ಯೂಟರಿನಲ್ಲಿತ್ತು, ನಿಮ್ಮದರಲ್ಲಿಲ್ಲ. ಅಚ್ಚು ಹಾಕಿದ್ರೆ ಕನ್ನಡ ಬರ್ತದೆ."

ಮಾದಸ್ವಾಮಿ ಬಾಯಿ ತೆರೆದವನು ಮುಚ್ಚಲಿಲ್ಲ. ಗುರುಸಿದ್ದಮ್ಮ ಸ್ಟೂಲು ಎಳೆದುಕೊಂಡು ಕೂತರು. "ಎರಡು ವರ್ಸ" ಎಂದರು. "ಎರಡು ವರ್ಸ ನಾನು ಆರೋಗ್ಯವಾಗಿರೋದ್ಕ ಸ್ಪಿರಿಟ್ ಹಚ್ಚಿ ಮಡಗಿದ್ನೇ? ಲೇ ಮಾದಸ್ವಾಮಿ, ನಿನ್ನ ವಾಪಸ್ ಒಳಕ್ಕ ತಳ್ಬುಡ್ಬೇಕಾಗಿತ್ತು ಕಣ್ಲಾ!"

ಮಾದಸ್ವಾಮಿ ಕೆಮ್ಮುತ್ತ ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಟ್ಟ. ಇಬ್ಬರಿಗೂ ಟೀ ತರಿಸಿದ.

ದಾರಿಯುದ್ದಕ್ಕೂ ಜ್ಯೋತಿಯ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಗುರುಸಿದ್ದಮ್ಮ ಮಾತ್ರ ಹತ್ತು ಹೆಜ್ಜೆ ಹಿಂದೆ ಉಳಿಯುತ್ತಿದ್ದರು. ಜ್ಯೋತಿಯ ಮನೆಗೆ ಬಂದು ಚಾಪೆಯ ಮೇಲೆ ಗೋಡೆಗೊರಗಿ ಕೂತರು. ಜ್ಯೋತಿ ನುಡಿಯನ್ನು ಇಳಿಸಿಕೊಂಡು ಲ್ಯಾಪ್‌ಟಾಪಿಗೆ ಕೂರಿಸಿದಳು. ಪೆನ್‌ಡ್ರೈವಿನ ಫೈಲು ತೆರೆದಳು. ಹುಳಗಳು. ಎಲ್ಲವನ್ನೂ ಒಟ್ಟಿಗೆ ಹಿಡಿದು, ಅಕ್ಷರದ ಪಟ್ಟಿಯಲ್ಲಿ ನುಡಿಯನ್ನು ಆರಿಸಿದಳು.

ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಪರದೆ ತುಂಬ ಕನ್ನಡ ಎದ್ದು ಬಂತು.

"ನರ್ಸಮ್ಮ! ಬಂತು! ನೋಡಿ!"

ಗುರುಸಿದ್ದಮ್ಮ ಕೂತಲ್ಲಿಂದಲೇ ಕೈ ಮುಗಿದರು. ಜ್ಯೋತಿ ಓದುತ್ತ ಹೋದಳು. ತಾರೀಕು, ಊರು, ತಾಯಿ, ತಂದೆ, ಗಂಡೋ ಹೆಣ್ಣೋ, ಕೊನೆಗೆ ಷರಾ. ಷರಾದಲ್ಲಿ ಅವರು ಆಫೀಸಿಗೆ ಬೇಡದ್ದನ್ನೆಲ್ಲ ಬರೆದಿದ್ದರು: 'ಲಾಟೀನು ಆರಿತು, ಒಲೆಯ ಬೆಳಕಿನಲ್ಲಿ.' 'ದಾರಿಯಲ್ಲಿ ಆನೆ, ಒಂದು ಗಂಟೆ ತಡ.' 'ಎತ್ತಿನ ಗಾಡಿಯಲ್ಲಿ. ಎತ್ತು ಬೆದರಲಿಲ್ಲ.' 'ಗಂಡನಿಗೆ ತಲೆಸುತ್ತು, ಅವನಿಗೇ ಮೊದಲು ನೀರು.' ಒಂದೊಂದು ಸಾಲಿಗೂ ಜ್ಯೋತಿ ನಗುತ್ತಿದ್ದಳು, ಕಣ್ಣು ಒರೆಸಿಕೊಳ್ಳುತ್ತಿದ್ದಳು. ಆಮೇಲೆ ಕೆಲಸ ನೆನಪಾಗಿ, ಹುಡುಕುವ ಕಡೆ ತಾಯಿಯ ಹೆಸರು ಹಾಕಿದಳು. ಮೊದಲ ದೊಡ್ಡಬಸಮ್ಮ ಬೇರೆ ಊರಿನವಳು. ಎರಡನೆಯವಳು ಬೇರೆ ಗಂಡನವಳು. ಮೂರನೆಯದು ಅವಳದೇ.

'ಕ್ರಮ ಸಂಖ್ಯೆ 412. 28-10-1991. ಹುಣಸೆಮರದ ದೊಡ್ಡಿ. ದೊಡ್ಡಬಸಮ್ಮ ಕೋಂ ಚಿಕ್ಕಸಿದ್ದಯ್ಯ. ಮೊದಲ ಹೆರಿಗೆ. ಹೆಣ್ಣು. ನಿರ್ಜೀವ ಜನನ.'

ಷರಾ ಖಾಲಿ.

ಅಯ್ಯೋ, ತನಗಿಂತ ಮೊದಲು ಅವ್ವನಿಗೆ ಒಂದು ಹೆಣ್ಣು ಸತ್ತು ಹುಟ್ಟಿತ್ತೇ ಎಂದುಕೊಂಡಳು. ಅವ್ವ ಒಮ್ಮೆಯೂ ಹೇಳಿಕೊಂಡಿರಲಿಲ್ಲ. ಮುಂದಕ್ಕೆ ಹುಡುಕಿದಳು. ಇನ್ನೊಂದು ದೊಡ್ಡಬಸಮ್ಮ ಸಿಕ್ಕಿತು: 1994, ಗಂಡು. ಅದು ತಮ್ಮ. ಅದರಲ್ಲಿ ಬರೆದಿತ್ತು: 'ಎರಡನೇ ಹೆರಿಗೆ.' ಎರಡರ ನಡುವೆ ಏನೂ ಇರಲಿಲ್ಲ. ಮತ್ತೆ ಮೇಲಿಂದ ಹುಡುಕಿದಳು.

"ನರ್ಸಮ್ಮ, ಇದರಲ್ಲಿ ನಾನೆಲ್ಲಿ?"

ಗುರುಸಿದ್ದಮ್ಮ ಚಾಪೆಯ ಅಂಚಿನ ಎಳೆ ಕೀಳುತ್ತಿದ್ದರು.

"ನಮ್ಮವ್ವನಿಗೆ ಮೊದಲು ಸತ್ತು ಹುಟ್ಟಿದ ಹೆಣ್ಣಿದೆ. ಎರಡನೇದು ನನ್ನ ತಮ್ಮ. ನಾನೆಲ್ಲಿದ್ದೀನಿ?"

"ಅದೇ ನೀನು" ಎಂದರು ಗುರುಸಿದ್ದಮ್ಮ.

ಹೊರಗೆ ಮುಂದಿನ ಬೀದಿಯ ಮಗ್ಗದ ಲಟಪಟ ಸದ್ದು ನಡೆದೇ ಇತ್ತು. ಜ್ಯೋತಿಗೆ ಅದು ಕೇಳಿಸುತ್ತಿತ್ತು, ತನ್ನ ಉಸಿರು ಮಾತ್ರ ಕೇಳಿಸುತ್ತಿರಲಿಲ್ಲ. ಕೈಯನ್ನು ಎದೆಯ ಮೇಲೆ ಇಟ್ಟುಕೊಂಡಳು. ಪರದೆಯ ಮೇಲಿನ ಆ ಎರಡು ಪದ ಅಲುಗಾಡದೆ ಅವಳನ್ನೇ ನೋಡುತ್ತಿದ್ದವು.

"ನೀನು ಈಚ್ಗ ಬಂದಾಗ ನೀಲಿ ಕಣವ್ವ" ಎಂದು ಗುರುಸಿದ್ದಮ್ಮ ನೆಲ ನೋಡುತ್ತ ಹೇಳತೊಡಗಿದರು. "ಅಳ್ಲಿಲ್ಲ. ತಲೆ ಕೆಳ್ಗಾಗಿ ಇಡ್ದೆ, ಬೆನ್ ತಟ್ಟಿದೆ, ಬಾಯಿಗ ಬಾಯಿಟ್ಟು ಊದ್ದೆ. ಬಾಳ ಹೊತ್ತು. ನಾಡಿ ಸಿಗ್ನಿಲ್ಲ. ನಾನೇ ಬಟ್ಟೇಲಿ ಸುತ್ತಿ ನಿಮ್ಮಜ್ಜಿ ಕೈಗ ಕೊಟ್ಟು, ಜೀವ ಓಗ್ಬುಟ್ಟದ ಅಂದೆ. ಅವತ್ತು ತಿಂಗಳ ರಿಪೋರ್ಟ್ ಕೊಡೋ ದಿನ. ನಿಮ್ಮವ್ವನ್ಗ ಏನೂ ಆಗಕ್ಕಿಲ್ಲ ಅಂತ ನೋಡ್ಕಂಡು, ನಡ್ಕಂಡೋಗಿ ಬಸ್ ಇಡ್ದೆ. ಬಸ್ಸಲ್ಲೇ ರಿಜಿಸ್ಟರ್‌ಗ ಬರ್ದೆ, ನನ್ ಪುಸ್ತಕಕ್ಕೂ ಬರ್ದೆ. ಆಫೀಸ್‌ಗ ಕೊಟ್ಬುಟ್ಟೆ."

"ಆಮೇಲೆ?"

"ಮಣ್ಣು ಮಾಡಕ್ಕ ಮುಂಚ ಮೈ ತೊಳೀಬೇಕಲ್ಲ. ಬಾಣಂತಿಗ ಕಾಯ್ಸಿದ್ದ ನೀರಿತ್ತು. ನಿಮ್ಮಜ್ಜಿ ಕಾಲ್ ನೀಡ್ಕಂಡು ಕೂತು, ಬದುಕಿರೋ ಕೂಸಿಗ ಹುಯ್ದಂಗ ಹುಯ್ದಳಂತ. ಮೂರ್ನೇ ಚೊಂಬಿಗ ನೀನು ಕಿರುಚ್ಕಂಡೆ."

ಬಿಸ್ನೀರಿ. ಜ್ಯೋತಿ ಬಾಯಿಗೆ ಸೆರಗು ಒತ್ತಿಕೊಂಡಳು. ಮೂವತ್ತು ವರ್ಷ ಕೇಳಿದ ಆ ಹೆಸರು ಈಗ ಮೈಮೇಲೆ ಸುರಿದಂತಾಯಿತು.

"ನಂಗ ಗೊತ್ತಾದದ್ದು ಒಂದು ತಿಂಗ್ಳಾದ್ಮೇಲ. ದೊಡ್ಡೀಗ ಬಂದ್ರ ನಿಮ್ಮವ್ವ ಜಗುಲೀಲಿ ಕೂತು ಹಾಲು ಕುಡಿಸ್ತಾವಳ. ನಾನು ಅಲ್ಲೇ ಬೇಲಿ ಇಡ್ಕಂಡು ಕೂತ್ಬುಟ್ಟೆ. ನಿಮ್ಮಜ್ಜಿ ಬಂದು, 'ನೀ ಜೀವ ಓಗ್ಬುಟ್ಟದ ಅಂದೆ, ನನ್ ನೀರು ಅದ ಅಂತು' ಅಂದ್ಲು. ಅಷ್ಟೇ. ಒಂದ್ ಬೈಗುಳ ಇಲ್ಲ. ಬೈದಿದ್ರ ಸರಿಯಾಗ್ತಿತ್ತು."

"ಆಗ ತಿದ್ದಬಹುದಿತ್ತಲ್ಲ ನರ್ಸಮ್ಮ?"

"ತಿದ್ದಬೌದಿತ್ತು." ಅವರು ತಲೆ ಎತ್ತಿದರು. "ಆಗ ನಂಗ ಈಗಿನ ನಿನ್ ವಯಸ್ಸು. ಅದೇ ವರ್ಸ ಬ್ಯಾರೆ ವಿಚಾರ್ಕ ಒಂದು ನೋಟೀಸ್ ಬಂದಿತ್ತು. ಜೀವಂತ ಮಗೂನ ಸತ್ತದ ಅಂತ ಬರ್ದೋಳು ಅಂದ್ರ ಕೆಲ್ಸ ಉಳೀತಿತ್ತಾ? ಮುಂದಿನ್ ತಿಂಗ್ಳು ಏಳನಾ ಅಂದ್ಕಂಡೆ. ಅದು ಮುಂದಿನ್ ವರ್ಸ ಆಯ್ತು. ನಿಂಗ ಎಲ್ಲಾ ಲಸಿಕೆನೂ ನಾನೇ ಹಾಕ್ದೆ, ಬಾಟ್ಲೀಲಿ ಉಳಿದದ್ರಲ್ಲಿ, ಕಾರ್ಡಿಲ್ದೆ. ಕಾರ್ಡ್ ಎಲ್ಲಿಂದ ತರ್ಲಿ? ಕಾಗ್ದದಲ್ಲಿ ನೀನಿರ್ನಿಲ್ಲ. ಅದ್ಕೇ ನಿಂಗ ಹುಟ್ಟಿದ ದಾಖ್ಲೆ ಇಲ್ಲ. ಮೇಷ್ಟ್ರು ತಪ್ಪಲ್ಲ, ನಂದು."

ಸಿಟ್ಟು ಬರಬೇಕಿತ್ತು, ಬಂತು ಕೂಡ. ಜ್ಯೋತಿ ಎದ್ದು ಅಡಿಗೆಮನೆಗೆ ಹೋಗಿ ಸುಮ್ಮನೆ ಕೊಡದ ಮುಂದೆ ನಿಂತಳು. ಒಂದು ಸಾಲು. ಒಂದು ಸಾಲಿಗಾಗಿ ಶಾಲೆಯಲ್ಲಿ, ಮದುವೆಯಲ್ಲಿ, ಎಲ್ಲ ಕಚೇರಿಯ ಕಿಟಕಿಯಲ್ಲಿ ಅವಳು ಸುಳ್ಳು ವಯಸ್ಸಿನವಳಾಗಿ ನಿಂತಿದ್ದಳು. ಆದರೆ ನೀಲಿಯಾಗಿದ್ದ ತನ್ನ ಬಾಯಿಗೆ ಬಾಯಿಟ್ಟು ಊದಿದವರೂ ಇವರೇ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ಅವಳಿಂದಾಗಲಿಲ್ಲ. ಒಂದು ಲೋಟ ನೀರು ಕುಡಿದಳು. ಇನ್ನೊಂದು ಲೋಟ ತುಂಬಿ ತಂದು ಗುರುಸಿದ್ದಮ್ಮನ ಮುಂದೆ ಇಟ್ಟಳು.

ಮತ್ತೆ ಲ್ಯಾಪ್‌ಟಾಪಿನ ಮುಂದೆ ಕೂತಾಗ ಅವಳಿಗೊಂದು ವಿಷಯ ಕಂಡಿತು. ಇದು ಬರೀ ಟೈಪ್ ಮಾಡಿದ ಫೈಲು. ನೋಟ್‌ಬುಕ್ಕುಗಳು ಪುಡಿಯಾಗಿವೆ. ತಾರೀಕು ಸರಿಯಿದೆ, ಊರು ಸರಿಯಿದೆ, ಅಪ್ಪ ಅವ್ವ ಸರಿ. ಎರಡು ಪದ ಅಳಿಸಿ ಅಲ್ಲಿ 'ಜೀವಂತ' ಎಂದು ಹೊಡೆದರೆ ಹತ್ತು ಸೆಕೆಂಡಿನ ಕೆಲಸ. ವಕೀಲರಿಗೆ ಬೇಕಾದ ಕಾಗದ ಸಿದ್ಧ. ಅಂಗನವಾಡಿಯ ಅರ್ಜಿ ಸಿದ್ಧ. ಸುಳ್ಳೂ ಅಲ್ಲವಲ್ಲ, ತಾನು ಜೀವಂತವಾಗಿಯೇ ಇದ್ದೀನಲ್ಲ!

ಅವಳು ಕರ್ಸರನ್ನು ಆ ಪದದ ಕೊನೆಗೆ ತಂದು ನಿಲ್ಲಿಸಿದಳು. ಅಳಿಸುವ ಕೀಲಿಯ ಮೇಲೆ ಬೆರಳಿಟ್ಟಳು.

ಗುರುಸಿದ್ದಮ್ಮ ಮಂಡಿಯೂರಿ ತೆವಳಿಕೊಂಡೇ ಬಂದು ಅವಳ ಮಣಿಕಟ್ಟು ಹಿಡಿದರು. ಹಿಡಿದ ಬೆರಳು ತನ್ನಿಂತಾನೇ ನಾಡಿಯ ಮೇಲೆ ಹೋಗಿ ಕೂತಿತು.

"ಬ್ಯಾಡ. ಇದ್ನ ಟೈಪ್ ಮಾಡೋವಾಗ ಈ ಸಾಲಿನ ಮುಂದ ನಾನು ಮೂರು ದಿನ ಕೂತಿದ್ದೆ. ತಿದ್ದಕ್ಕ ನಂಗೂ ಬತ್ತಿತ್ತು. ತಿದ್ದುದ್ರ ನಾನು ತಪ್ಪೇ ಮಾಡ್ನಿಲ್ಲ ಅಂದಂಗಾಯ್ತದ. ಬುಟ್ರ ನೀನೇ ಇಲ್ಲ ಅಂದಂಗಾಯ್ತದ. ಅಂಗೇ ಬುಟ್ಟೆ. ಷರಾನೂ ಬರ್ಯಕ್ಕಾಗ್ನಿಲ್ಲ. ಈಗ ಕದ್ದು ತಿದ್ದಿ, ನಾಳ ಕೋರ್ಟಲ್ಲಿ ಯಾರಾರ ಆಫೀಸಿನ ಹಳೇ ರಿಪೋರ್ಟ್ ತೆಗ್ದು ತಾಳ ನೋಡುದ್ರ? ನಿನ್ ಮ್ಯಾಲೇ ಬತ್ತದ. ಇನ್ನೊಂದ್ ಸಲ ನಿನ್ನ ಕಾಗ್ದದ ಮ್ಯಾಲ ಸಾಯ್ಸಕ್ಕ ನಂಗಾಗದಿಲ್ಲ."

"ಮತ್ತೆ ಈ ಸಾಲಿಟ್ಕೊಂಡು ನಾನೇನು ಮಾಡ್ಲಿ?" ಜ್ಯೋತಿ ಅವರತ್ತ ತಿರುಗಿದಳು. "ಸತ್ತು ಹುಟ್ಟಿದವಳು ಅಂತ ತೋರಿಸಿ ಕೆಲಸ ಕೇಳ್ಲಾ?"

"ಈ ಸಾಲಿರ್ಲಿ. ವಕೀಲ್ರು ಏನ್ ಕೇಳುದ್ರು? ಬರ್ದದ್ದು, ಬರ್ದೋಳು, ಎರಡೂ ಬೇಕು ಅಂದ್ರಲ್ವಾ? ಬರ್ದದ್ದು ಸಿಕ್ತು. ಬರ್ದೋಳು ಇಲ್ಲೇ ಇವ್ನಿ. ಇದು ನಾ ಬರ್ದದ್ದು, ತಪ್ಪಾಗಿ ಬರ್ದದ್ದು, ಇಗೋ ಆ ಕೂಸು ಅಂತ ನಾನೇ ನಿಂತು ಏಳ್ತೀನಿ. ಪೆನ್ಸನ್ ನಿಲ್ಸುದ್ರೂ ನಿಲ್ಸ್ಲಿ."

ಜ್ಯೋತಿ ಕೀಲಿಯಿಂದ ಬೆರಳು ತೆಗೆದಳು. ಫೈಲನ್ನು ಇದ್ದ ಹಾಗೇ ಮುಚ್ಚಿ, ಇನ್ನೊಂದು ಪ್ರತಿ ಮಾಡಿ, ಮತ್ತೊಂದನ್ನು ತನ್ನ ಮೇಲ್‌ಗೆ ಹಾಕಿಕೊಂಡಳು. ಕೈಗೆ ಕೆಲಸ ಬೇಕಿತ್ತು. ಶಾಲೆ ಬಿಡುವ ಹೊತ್ತಾಗಿತ್ತು. ಮಗಳನ್ನು ಕರೆತರಲು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಗುರುಸಿದ್ದಮ್ಮ ಬಾಗಿಲವರೆಗೆ ಬಂದರು. ಖಾಲಿಯಾದ ಅರಿಶಿನದ ಬಟ್ಟೆಯನ್ನು ಮಡಿಸುತ್ತಿದ್ದರು, ಮಡಿಸಿದ್ದನ್ನೇ ಬಿಚ್ಚುತ್ತಿದ್ದರು.

"ಅವ್ವ, ಒಂದ್ ಉಪ್ಕಾರ ಮಾಡ್ತಿಯಾ?"

ಜ್ಯೋತಿ ತಿರುಗಿ ನಿಂತಳು.

"ಅವತ್ತು ಕೋರ್ಟಲ್ಲಿ ಈ ಸಾಲ್ನ ನಂಗೇ ಓದು ಅಂತಾರ. ಓದೋವಾಗ ನನ್ ಕಣ್ಣಿಗ ಕಾಣೋ ಕಡ ನಿಂತಿರು. ಹಿಂದ್ಗಡ ಬೆಂಚಲ್ಲಿ ಕೂತ್ಬುಡ್ಬ್ಯಾಡ. ಎದ್ರುಗೇ ನಿಂತಿರು. ನಿನ್ ಎದ ಏರಿ ಇಳ್ಯೋದು ನಂಗ ಕಾಣ್ತಾ ಇರ್ಬೇಕು."